ಶಟರ್ ಎಳೆದ ಊರು

ಆ ಫೋಟೊದ ಮುಂದೆ ನಮ್ಮ ತಂಡದವರೆಲ್ಲ ಅತ್ತರು, ನಾನೊಬ್ಬಳು ಅಳಲಿಲ್ಲ. ಇವಳದೇನು ಎದೆಯೋ ಬಂಡೆಯೋ ಅಂತ ಯಾರಾದರೂ ಅಂದುಕೊಂಡಿದ್ದರೆ ಅಂದುಕೊಳ್ಳಲಿ. ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ನನಗೆ ಕಣ್ಣೀರು ಬರುವುದಿಲ್ಲ, ಹಸಿವಾಗುತ್ತದೆ. ಚಿಕ್ಕಂದಿನಿಂದಲೂ ಹಾಗೇ. "ಇಕಿ ಸಿಟ್ಟಿಗೆದ್ದಾಳ, ರೊಟ್ಟಿ ಬುಟ್ಟಿ ಮುಚ್ಚಿಡ್ರಿ" ಅಂತ ನಮ್ಮವ್ವ ಮನೆಯವರಿಗೆಲ್ಲ ಎಚ್ಚರಿಕೆ ಕೊಡುತ್ತಿದ್ದಳು.

ಫೋಟೊ ಗೋಡೆಯಗಲಕ್ಕೂ ಇತ್ತು. ಹರೆಯದ ಹುಡುಗನೊಬ್ಬ ಗುಂಡೇಟು ಬಿದ್ದ ಸಣ್ಣ ಹುಡುಗನನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಓಡಿ ಬರುತ್ತಿದ್ದಾನೆ. ಪಕ್ಕದಲ್ಲಿ ಸಮವಸ್ತ್ರ ತೊಟ್ಟ ಹುಡುಗಿ, ಗುಂಡು ತಿಂದವನ ಅಕ್ಕ, ಬಾಯಿ ತೆರೆದು, ಒಂದು ಅಂಗೈ ಎತ್ತಿ ಓಡುತ್ತಿದ್ದಾಳೆ. ಅವಳು ಕೂಗುತ್ತಿದ್ದಾಳೋ, ಅಳುತ್ತಿದ್ದಾಳೋ, ಎದುರಿಗಿದ್ದವರಿಗೆ ಸಾಕು ನಿಲ್ಲಿಸಿ ಅನ್ನುತ್ತಿದ್ದಾಳೋ ಗೊತ್ತಾಗುವುದಿಲ್ಲ. ನಾನು ಸತ್ತ ಹುಡುಗನನ್ನು ಹೆಚ್ಚು ಹೊತ್ತು ನೋಡಲಿಲ್ಲ. ನೋಡಿದ್ದೆಲ್ಲ ಆ ಹುಡುಗಿಯನ್ನೇ. ಅವಳ ವಯಸ್ಸು, ಅವಳ ಮೊಣಕಾಲು, ಆ ಎತ್ತಿದ ಕೈ, ಎಲ್ಲವೂ ನನ್ನ ಅಕ್ಕನ ಮಗಳದೇ ಅನ್ನಿಸಿತು.

ಯಲಬುರ್ಗಾ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನ್ನಂಥವಳು ದಕ್ಷಿಣ ಆಫ್ರಿಕಾದವರೆಗೆ ಹೋದದ್ದು ಒಂದು ಶಿಕ್ಷಕರ ಅಧ್ಯಯನ ಪ್ರವಾಸದಲ್ಲಿ. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಮನೆಗೆ ಬಂದಾಗ ಓಣಿಯವರು "ಟೀಚರಮ್ಮ ಏನ್ ಮಾಡ್ಯಾಳ್ರಿ?" ಅಂತ ವಿಚಾರಿಸಿದ್ದರು. ಅಷ್ಟು ಅಪರೂಪದ ಸಂಗತಿ ಅದು. ವಿಮಾನ, ಹೋಟೆಲು, ಸಿಂಹ, ಸಮುದ್ರ ಎಲ್ಲ ಆದಮೇಲೆ, ಕೊನೆಗೆ ನಮ್ಮನ್ನು ಜೋಹಾನ್ಸ್‌ಬರ್ಗಿನ ಹೊರಗಿನ ಆ ದೊಡ್ಡ ಬಡಾವಣೆಗೆ ಕರೆದುಕೊಂಡು ಹೋದರು. ಕರಿಯರೆಲ್ಲ ಊರಿನ ಹೊರಗೇ ಇರಬೇಕು ಅಂತ ಬಿಳಿಯರ ಸರಕಾರ ಕಟ್ಟಿಸಿದ ಬಡಾವಣೆ ಅದು. ಊರಿನ ಹೊರಗಿನ ಕೇರಿ ಅಂದರೇನು ಅಂತ ಬಸ್ಸಿನಲ್ಲಿ ಎಲ್ಲರಿಗೂ ವಿವರಿಸಿ ಹೇಳಿದರು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ನನಗೆ ಆ ಪಾಠ ಬೇಕಾಗಿರಲಿಲ್ಲ.

ಅಲ್ಲಿ ಸತ್ತ ಮಕ್ಕಳ ನೆನಪಿಗೆ ಕೆಂಪು ಇಟ್ಟಿಗೆಯ ಒಂದು ವಸ್ತುಸಂಗ್ರಹಾಲಯ ಕಟ್ಟಿದ್ದಾರೆ. ನಮಗೆ ಎಲ್ಲವನ್ನೂ ತೋರಿಸಿದವರು ವಯಸ್ಸಾದ ಒಬ್ಬ ಹೆಂಗಸು. ಮೊಣಕಾಲು ನೋವಿನವರು, ಮೆಟ್ಟಿಲು ಬಂದಾಗಲೆಲ್ಲ ಕಂಬಿ ಹಿಡಿಯುತ್ತಿದ್ದರು. ಆ ಫೋಟೊ ತೆಗೆದ ದಿನ ಅವರೂ ಮಕ್ಕಳ ಮೆರವಣಿಗೆಯಲ್ಲಿ ಇದ್ದವರಂತೆ, ಆಗಿನ್ನೂ ಸಣ್ಣ ಹುಡುಗಿ. ಆಳುವವರ ಭಾಷೆಯಲ್ಲೇ ಲೆಕ್ಕ ಕಲಿಯಬೇಕು, ಆಳುವವರ ಭಾಷೆಯಲ್ಲೇ ಭೂಗೋಳ ಕಲಿಯಬೇಕು ಅಂತ ಸರಕಾರ ಆಜ್ಞೆ ಮಾಡಿದಾಗ ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಪೊಲೀಸರು ಗುಂಡು ಹಾರಿಸಿದರು. ಅಷ್ಟೇ ಕಥೆ. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ ಅವರಿಗೆ.

"ಆ ದಿನ ಮನೆಯಿಂದ ಹೊರಡುವಾಗ ನಿಮಗೆ ಹೆದರಿಕೆ ಆಗಲಿಲ್ಲವೆ?" ಅಂತ ನಮ್ಮವರೊಬ್ಬರು ಕೇಳಿದರು. ಆಗಿತ್ತು ಅಂದರು ಅವರು. ತರಗತಿ ತಪ್ಪಿಸಿದ್ದಕ್ಕೆ ಮಾಸ್ತರರು ಬೈಯುತ್ತಾರೇನೋ ಅಂತ ಹೆದರಿಕೆಯಾಗಿತ್ತಂತೆ. ಅದಕ್ಕಿಂತ ದೊಡ್ಡದು ಏನಾದರೂ ಆದೀತು ಅಂತ ಅವರ ಮನಸ್ಸಿಗೇ ಬಂದಿರಲಿಲ್ಲವಂತೆ. ಎಲ್ಲರೂ ಮೂಗು ಒರೆಸಿಕೊಂಡರು. ನನಗೆ ಹಸಿವು ಇನ್ನೂ ಜೋರಾಯಿತು.

ನಮ್ಮ ಜಿಲ್ಲೆಯಿಂದಲೇ ಬಂದಿದ್ದ ಇನ್ನೊಬ್ಬ ಶಿಕ್ಷಕರಿದ್ದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ವಿಮಾನ ನಿಲ್ದಾಣದಲ್ಲಿ ನನ್ನ ಚೀಲವನ್ನು ತಾವೇ ಎಳೆದುಕೊಂಡು ಬಂದಿದ್ದರು. ಫೋಟೊದ ಮುಂದೆ ಎಲ್ಲರಿಗಿಂತ ಹೆಚ್ಚು ಅತ್ತವರೂ ಅವರೇ. ಹೊರಗೆ ಅಂಗಳದಲ್ಲಿ ಸತ್ತ ಮಕ್ಕಳ ಹೆಸರು ಕೆತ್ತಿದ ಕಲ್ಲುಗಳಿದ್ದವು. ಅವುಗಳ ಪಕ್ಕದ ಕಟ್ಟೆಯ ಮೇಲೆ ನಾವೆಲ್ಲ ಊಟಕ್ಕೆ ಕೂತೆವು. ಸರ್ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ, "ಎಂಥಾ ಮಂದಿ ಇದ್ರು ನೋಡ್ರಿ ಮೇಡಂ. ಚರ್ಮದ ಬಣ್ಣ ನೋಡಿ ಮನುಷ್ಯಾರನ್ನ ಅಳೀತಿದ್ರು. ಇವರಿಗೆ ಕರುಳು ಅನ್ನೂದು ಇತ್ತೋ ಇಲ್ಲೋ" ಅಂದರು. ಆಮೇಲೆ ಚೀಲದಿಂದ ಡಬ್ಬಿ ತೆಗೆದರು. ಅವರ ಹೆಂಡತಿ ಪ್ರವಾಸಕ್ಕೆಂದು ಮಾಡಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಪರದೇಶದ ಬ್ರೆಡ್ಡು ತಿಂದು ತಿಂದು ನಾಲಿಗೆ ಸತ್ತುಹೋಗಿದ್ದ ನಮಗೆಲ್ಲ ಹಬ್ಬವೇ ಆಯಿತು.

ಸರ್ ಡಬ್ಬಿಯನ್ನು ಒಬ್ಬೊಬ್ಬರ ಮುಂದೆ ಹಿಡಿದರು. ಮೈಸೂರಿನವರು ಕೈಹಾಕಿ ತೆಗೆದುಕೊಂಡರು, ಮಂಗಳೂರಿನವರೂ ತೆಗೆದುಕೊಂಡರು. ನನ್ನ ಹತ್ತಿರ ಬಂದಾಗ ಡಬ್ಬಿ ಮುಂದೆ ಬರಲಿಲ್ಲ. ಅವರು ತಾವೇ ಒಂದು ರೊಟ್ಟಿ ತೆಗೆದು, ಚಟ್ನಿ ಹಚ್ಚಿ, ನನ್ನ ಅಂಗೈಗಿಂತ ಒಂದು ಗೇಣು ಮೇಲೆ ಹಿಡಿದು ಕೈಬಿಟ್ಟರು. ರೊಟ್ಟಿ ನನ್ನ ಬೊಗಸೆಗೆ ಬಿತ್ತು.

ಸರ್ ಅದನ್ನು ಬೇಕೆಂದು ಮಾಡಲಿಲ್ಲ, ಅದೇ ನನಗೆ ತಡೆದುಕೊಳ್ಳಲು ಆಗದೆ ಹೋದದ್ದು. ಅವರಿಗೆ ಗೊತ್ತೇ ಆಗಲಿಲ್ಲ. ನಮ್ಮ ಕಡೆ ನನ್ನಂಥವರಿಗೆ ರೊಟ್ಟಿ ಹಾಗೇ ಹಾಕುತ್ತಾರೆ, ನೀರು ಹಾಗೇ ಹೊಯ್ಯುತ್ತಾರೆ, ಅಂಗಡಿಯ ಚಿಲ್ಲರೆಯೂ ಹಾಗೇ ಬೀಳುತ್ತದೆ. ತಲೆ ಮರೆತರೂ ಕೈ ಮರೆತಿರಲಿಲ್ಲ. ಕಣ್ಣೀರು ಇನ್ನೂ ಕೆನ್ನೆಯ ಮೇಲೆ ಒದ್ದೆಯಾಗಿತ್ತು, ಮುಖದಲ್ಲಿ ಪ್ರೀತಿಯೇ ಇತ್ತು. "ಇನ್ನೊಂದು ಹಾಕ್ಲ್ಯಾ ಮೇಡಂ?" ಅಂದರು. ಹಾಕ್ರಿ ಅಂದೆ. ಹಸಿವಾಗಿತ್ತಲ್ಲ. ಎರಡನೆಯದೂ ಮೇಲಿನಿಂದಲೇ ಬಿತ್ತು. ನನಗೆ ನಗು ಬಂದುಬಿಟ್ಟಿತು, ನಿಲ್ಲಲೇ ಇಲ್ಲ. ಆ ಸತ್ತ ಮಕ್ಕಳ ಹೆಸರುಗಳ ಮಧ್ಯೆ ಕೂತು ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ನಗುತ್ತಿದ್ದ ನನ್ನನ್ನು ನೋಡಿ ಎಲ್ಲರೂ, ಪಾಪ, ದುಃಖಕ್ಕೆ ಹಾಗಾಗಿದೆ ಅಂದುಕೊಂಡರು.

ಅವತ್ತು ನನಗೆ ಅಕ್ಕನ ಮಗಳ ನೆನಪು ಯಾಕೆ ಅಷ್ಟು ಕಾಡಿತು ಅಂತ ಹೇಳಬೇಕಾದರೆ ನಮ್ಮೂರಿನ ಕಟಿಂಗ್ ಅಂಗಡಿಯ ಸಂಗತಿ ಹೇಳಬೇಕು.

ನಮ್ಮೂರು ಕೊಪ್ಪಳ ತಾಲ್ಲೂಕಿನದು. ಇರಕಲ್ಲಗಡದ ಕಡೆಯ ಬಸ್ಸು ಹತ್ತಿ, ನಡುವೆ ಇಳಿದು, ಒಳಗೆ ನಡೆಯಬೇಕು. ಅಕ್ಕ, ಅವಳ ಗಂಡ, ಮಗಳು ಮೂವರೂ ಅಲ್ಲಿಯ ಕೇರಿಯಲ್ಲೇ ಇದ್ದರು. ಊರಿನಲ್ಲಿ ಒಂದೇ ಒಂದು ಕಟಿಂಗ್ ಅಂಗಡಿ. ಎರಡು ಕನ್ನಡಿ, ಒಂದು ತಿರುಗುವ ಕುರ್ಚಿ, ಮೇಲಿನಿಂದ ಎಳೆಯುವ ಶಟರ್. ನಮ್ಮ ಕೇರಿಯ ತಲೆಗಳಿಗೆ ಅಲ್ಲಿ ಕತ್ತರಿ ಮುಟ್ಟುವುದಿಲ್ಲ. ಯಾರೂ ಬೋರ್ಡು ಹಾಕಿಲ್ಲ, ಯಾರೂ ಬಾಯಿಬಿಟ್ಟು ಬೇಡ ಅನ್ನುವುದೂ ಇಲ್ಲ. ಹೋದರೆ ಕರೆಂಟು ಇಲ್ಲ, ಬ್ಲೇಡು ತೀರಿದೆ, ಕೈ ಉಳುಕಿದೆ, ಇಂಥದ್ದೇನೋ ಒಂದು ಮಾತು. ಅಂಗಡಿಯವನೂ ಬಡವನೇ. ಕೇರಿಯವರ ತಲೆ ಮುಟ್ಟಿದ ಕತ್ತರಿ ನಮ್ಮ ತಲೆಗೆ ಬೇಡ ಅಂತ ಊರ ಹಿರಿಯರು ಅಂದರೆ ಅವನ ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆಯೇ. ಹಾಗಾಗಿ ನಮ್ಮ ಗಂಡಸರು, ಹುಡುಗರು ತಲೆತಲಾಂತರದಿಂದ ಬೇರೆ ಊರಿಗೆ ಹೋಗಿ ಕೂದಲು ತೆಗೆಸುವವರು. ಈಗ ಭಾನುವಾರ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋಗುತ್ತಾರೆ. ಬಸ್ಸು ತಪ್ಪಿದರೆ ಕೂದಲು ಬೆಳೆಯುತ್ತದೆ.

ಊರ ಪ್ರೌಢಶಾಲೆಗೆ ಹೊಸ ಹೆಡ್‌ಮಾಸ್ತರರು ಬಂದರು, ದೂರದ ಕಡೆಯವರು. ಶಿಸ್ತಿನ ಮನುಷ್ಯ. ಒಂದು ಶನಿವಾರ ಬೆಳಗಿನ ಪ್ರಾರ್ಥನೆಯಲ್ಲಿ ತಲೆಗೂದಲು ಬೆಳೆದ ಹುಡುಗರನ್ನೆಲ್ಲ ಮುಂದೆ ಕರೆದು ನಿಲ್ಲಿಸಿದರು. ನಿಂತವರೆಲ್ಲ ನಮ್ಮ ಕೇರಿಯವರೇ. ಅದು ಅವರಿಗೆ ಹೊಳೆಯಲಿಲ್ಲ. "ಊರಲ್ಲೇ ಅಂಗಡಿ ಇದೆ, ಕೂದಲು ತೆಗೆಸಲು ಸೋಮಾರಿತನವೇ?" ಅಂತ ಗದರಿದರು. ಹುಡುಗರು ನೆಲ ನೋಡುತ್ತ ನಿಂತರು. ಆಗ ಒಂಬತ್ತನೇ ತರಗತಿಯ ಸಾಲಿನಿಂದ ಅಕ್ಕನ ಮಗಳು ಕೈ ಎತ್ತಿದಳಂತೆ.

"ಸರ್, ಅವರು ನಮ್ಮೋರಿಗೆ ಕಟಿಂಗ್ ಮಾಡಂಗಿಲ್ರಿ."

"ಯಾಕೆ ಮಾಡುವುದಿಲ್ಲ? ಕಾನೂನಿದೆ. ಹೋಗಿ ಕೇಳಿ."

ಹೆಡ್‌ಮಾಸ್ತರರು ಬಾಯಿಮಾತಿಗೆ ಅಂದದ್ದು ಅದು. ದೊಡ್ಡವರು ಸಿಟ್ಟಿನಲ್ಲಿ ನೂರು ಅನ್ನುತ್ತಾರೆ. ಆದರೆ ಇವಳು ಮಾಸ್ತರು ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹುಡುಗಿ. ಮನೆಗೆಲಸ ಒಂದು ದಿನ ಬಿಟ್ಟವಳಲ್ಲ. ಶಾಲೆ ಬಿಟ್ಟ ಕೂಡಲೇ ಕೇರಿಯ ಹುಡುಗರು ಹುಡುಗಿಯರನ್ನೆಲ್ಲ ಕೂಡಿಸಿ, ಕೇಳಿಬರಲು ಹೊರಟಳು.

ಈ ಮಕ್ಕಳಿಗೆ ಮೆರವಣಿಗೆ ಅಂದರೆ ಗೊತ್ತಿದ್ದದ್ದು ಒಂದೇ, ಆಗಸ್ಟ್ ಹದಿನೈದರ ಪ್ರಭಾತಫೇರಿ. ಇಬ್ಬಿಬ್ಬರ ಸಾಲು, ಸಣ್ಣವರು ಮುಂದೆ, ದೊಡ್ಡವರು ಹಿಂದೆ. ಘೋಷಣೆಯೂ ಗೊತ್ತಿದ್ದದ್ದು ಶಾಲೆಯಲ್ಲಿ ಕಲಿಸಿದ್ದೇ. ಹಾಗಾಗಿ ತಮ್ಮನ್ನು ಮುಟ್ಟದ ಅಂಗಡಿಯ ಕಡೆಗೆ ಆ ಮಕ್ಕಳು "ಹನಿ ನೀರು ಉಳಿಸಿ! ಗಿಡ ಮರ ಬೆಳೆಸಿ!" ಅಂತ ಕೂಗುತ್ತ ನಡೆದರು. ಊರವರು ಕಟ್ಟೆಯ ಮೇಲೆ ಕೂತವರು ಕೂತಲ್ಲೇ ನೋಡಿದರು. ಯಾವುದೋ ಸರಕಾರಿ ಕಾರ್ಯಕ್ರಮ ಇರಬೇಕು ಅಂದುಕೊಂಡರಂತೆ. ಈ ಮಾತು ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ನನ್ನ ಜೀವಮಾನದಲ್ಲಿ ನಮ್ಮೂರಿನ ಬಗ್ಗೆ ಹೆಮ್ಮೆ ಪಟ್ಟದ್ದು ಆ ಒಂದು ದಿನ.

ಸಾಲು ಅಂಗಡಿಯ ಮುಂದೆ ನಿಂತಿತು. ಅಕ್ಕನ ಮಗಳು ಮುಂದೆ ಬಂದು, "ಕಾಕಾ, ನಮ್ಮ ಹುಡುಗುರಿಗೆ ಕಟಿಂಗ್ ಮಾಡ್ರಿ. ಹೆಡ್‌ಮಾಸ್ತರ್ ಕಳಿಸ್ಯಾರ" ಅಂದಳು. ಅಂಗಡಿಯವನು ಅವಳನ್ನೂ ನೋಡಿದ, ಹಿಂದಿನ ಸಾಲನ್ನೂ ನೋಡಿದ, ಒಳಗಿನಿಂದ ಸರಕ್ಕನೆ ಶಟರ್ ಎಳೆದುಬಿಟ್ಟ. ಅರ್ಧ ಗಡ್ಡ ಹೆರೆಸಿಕೊಂಡು ಇನ್ನರ್ಧಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೊಬ್ಬ ಒಳಗೇ ಉಳಿದ. ಮಕ್ಕಳು ಮೆಟ್ಟಿಲ ಮೇಲೆ ಕೂತರು. ಬಿಸಿಲು ನೆತ್ತಿಗೆ ಏರಿದರೂ ಏಳಲಿಲ್ಲ. ಒಳಗಿನ ಗಿರಾಕಿ "ನನ್ನರ ಹೊರಗ ಬಿಡ್ರೋ" ಅಂತ ಶಟರ್ ಬಡಿಯುತ್ತಿದ್ದ.

ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಅದು ಊರಿಂದ ಊರಿಗೆ ಹೋಯಿತು. ಆಮೇಲೆ ಜೀಪುಗಳು ಬಂದವು, ಅಧಿಕಾರಿಗಳು ಬಂದರು, ಶಾಂತಿ ಸಭೆ ಆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಸಭೆ. ಊರ ಹಿರಿಯರು ಕೈಮುಗಿದು, "ನಮ್ಮೂರಾಗ ಭೇದಭಾವ ಅನ್ನೂದ ಇಲ್ರಿ ಸಾಹೇಬ್ರ, ಎಲ್ಲಾರೂ ಅಣ್ಣತಮ್ಮರಂಗ ಅದೀವಿ" ಅಂದರು. ಕೇರಿಯ ಒಬ್ಬ ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿ, ಹಿಂದೆ ಎಲ್ಲರೂ ನಿಂತು, ಕತ್ತರಿ ಕೂದಲಿಗೆ ತಾಗಿದ ಹೊತ್ತಿಗೆ ಫೋಟೊ ತೆಗೆದರು. ಕಾಗದದ ಕಪ್ಪಿನಲ್ಲಿ ಎಲ್ಲರಿಗೂ ಚಹಾ ಕೊಟ್ಟರು. ಯಾರ ಲೋಟ ಯಾರು ಮುಟ್ಟಿದರು ಅನ್ನುವ ಪ್ರಶ್ನೆಯೇ ಬರಲಿಲ್ಲ.

ಮರುದಿನ ಶಟರ್ ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ಅಂಗಡಿಯವನು ಕುರ್ಚಿ, ಕನ್ನಡಿ ಕಟ್ಟಿಕೊಂಡು ಹೆಂಡತಿಯ ತವರಿಗೆ ಹೋದ ಅಂತ ಸುದ್ದಿ ಬಂತು. ಊರವರು ಈಗ ಮೋಟರ್ ಸೈಕಲ್ ಹತ್ತಿ ಕೊಪ್ಪಳಕ್ಕೆ ಹೋಗಿ ಕೂದಲು ತೆಗೆಸಿಕೊಂಡು ಬರುತ್ತಾರೆ, ಆದರೆ ಊರಿನಲ್ಲಿ ನಮ್ಮವರು ಕೂತ ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. ಸಮಾನತೆ ಅಂದರೆ ಇದೇ ಇರಬೇಕು, ಯಾರಿಗೂ ಇಲ್ಲ. ಒಂದು ಸಣ್ಣ ಹೊಯ್‌ಕೈ ಆಗಿದ್ದರೆ, ಒಬ್ಬರು ಒಂದು ಬೈಗುಳ ಬೈದಿದ್ದರೆ, ಕೇಸು ಹಾಕಬಹುದಿತ್ತು. ಯಾರೂ ಏನೂ ಅನ್ನಲಿಲ್ಲ.

ಆ ಹುಡುಗಿಗೂ ಯಾರೂ ಏನೂ ಅನ್ನಲಿಲ್ಲ. ತರಗತಿಯಲ್ಲಿ ಅವಳ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಯರು ಒಬ್ಬೊಬ್ಬರಾಗಿ ಬೇರೆ ಬೆಂಚಿಗೆ ಹೋದರು. ಅವಳು ಬರುವ ದಾರಿಯಲ್ಲಿ ಮಾತು ನಿಲ್ಲುತ್ತಿತ್ತು. ಕಿರಾಣಿ ಅಂಗಡಿಗೆ ಹೋದರೆ ಸಕ್ಕರೆ ಇಲ್ಲ, ಗಿರಣಿಗೆ ಹೋದರೆ ಬೆಲ್ಟು ಹರಿದಿದೆ. ಹೆಡ್‌ಮಾಸ್ತರರು ರಜೆ ಹಾಕಿ ಹೋದವರು ಬೇರೆ ಕಡೆಗೆ ವರ್ಗ ಮಾಡಿಸಿಕೊಂಡರು. ಕೇರಿಯವರೇ, "ಯವ್ವಾ, ಇದ್ದದ್ದರಾಗ ಛಲೋ ಇದ್ವಿ, ಯಾಕ ಬೇಕಿತ್ತು ನಿನಗ?" ಅಂತ ಅವಳನ್ನು ಕೇಳತೊಡಗಿದರು. ದಸರೆಯ ರಜೆ ಮುಗಿದ ಮೇಲೆ ಅವಳು ಶಾಲೆಗೆ ಹೋಗಲಿಲ್ಲ. ಕುಷ್ಟಗಿ ಕಡೆಯ ಬೀಜದ ಹೊಲಗಳಿಗೆ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ಟಂಟಂ ಗಾಡಿ ಹತ್ತಿದಳು. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಒಂದೊಂದಾಗಿ ಮುಟ್ಟಿಸುವ ಕ್ರಾಸಿಂಗ್ ಕೆಲಸ. ಸಣ್ಣ ಬೆರಳಿನ ಹುಡುಗಿಯರಿಗೆ ಅಲ್ಲಿ ಬೇಡಿಕೆ ಹೆಚ್ಚು.

ಇಷ್ಟು ಮನಸ್ಸಿನಲ್ಲಿ ಇಟ್ಟುಕೊಂಡು ನಾನು ಆ ಫೋಟೊದ ಮುಂದೆ ನಿಂತಿದ್ದೆ. ಅವಳನ್ನು ಮತ್ತೆ ಶಾಲೆಗೆ ಕಳಿಸಬೇಕು, ಕೈ ಎತ್ತಿ ಮಾತಾಡಿದ ಆ ಹುಡುಗಿಯನ್ನು ಹಾಗೇ ತಿರುಗಿ ತರಬೇಕು ಅಂತ ಅಲ್ಲಿಯೇ ಗಟ್ಟಿ ಮಾಡಿಕೊಂಡೆ. ಫೋಟೊದ ಫೋಟೊ ತೆಗೆದು ಅಕ್ಕನ ಫೋನಿಗೆ ಕಳಿಸಿದೆ. ನೋಡಿದ್ದಾಳೆ ಅಂತ ನೀಲಿ ಗುರುತು ಬಂತು.

ಊರಿಗೆ ಬಂದ ಮೊದಲ ಭಾನುವಾರವೇ ಅಕ್ಕನ ಮನೆಗೆ ಹೋದೆ. ಹುಡುಗಿ ಆಗಷ್ಟೇ ಹೊಲದಿಂದ ಬಂದಿದ್ದಳು. ಬೆರಳ ತುದಿಗಳೆಲ್ಲ ಹಳದಿ. ಪರದೇಶದ ಚಾಕಲೇಟು ಕೊಟ್ಟೆ, ತಿಂದಳು. ನಾನು ಹೊತ್ತುಕೊಂಡು ಬಂದ ಕಥೆ ಸುರು ಮಾಡಿದೆ. ಮೂವತ್ತು ಮಕ್ಕಳಿರುವ ತರಗತಿಗೆ ಹೇಳುವ ಹಾಗೆ ಅವಳೊಬ್ಬಳಿಗೆ ಹೇಳಿದೆ. ಆ ಮಕ್ಕಳು ಹೊರಟದ್ದು, ಗುಂಡು ಹಾರಿದ್ದು, ಆಮೇಲೆ ದೇಶವೇ ಎದ್ದದ್ದು, ಆಳುವವರು ಇಳಿದದ್ದು. ಅವಳು ಫೋನನ್ನು ಕೈಗೆ ತೆಗೆದುಕೊಂಡು ಫೋಟೊದ ಹುಡುಗಿಯ ಮುಖವನ್ನು ದೊಡ್ಡದು ಮಾಡಿ ನೋಡಿದಳು.

"ಚಿಗವ್ವಾ, ಈ ಹುಡುಗಿ ಇನ್ನೂ ಅದಾಳೇನು?"

"ಅದಾಳಂತ. ವಯಸ್ಸಾಗೈತಿ."

"ಆಕಿನ್ನ ಮಂದಿ ಮಾತಾಡಸ್ತಾರ?"

ಮಾತಾಡಸ್ತಾರ, ಎದ್ದು ನಿಂತು ಮಾತಾಡಸ್ತಾರ, ದೇಶದೇಶದಿಂದ ಬಂದು ನೋಡ್ತಾರ ಅಂದೆ. ಅವಳು ಫೋನು ತಿರುಗಿ ಕೊಟ್ಟಳು.

"ಅಲ್ಲೆ ಗುಂಡು ಹಾರಿಸಿದ್ರು, ಎಲ್ಲಾರೂ ನೋಡಿದ್ರು. ನಮ್ಮೂರಾಗ ಯಾರು ಏನು ಮಾಡ್ಯಾರ ಹೇಳು? ಅಂಗಡಿ ಬಂದ್ ಮಾಡ್ಯಾರ. ಅದು ಅವರ ಅಂಗಡಿ." ಆಮೇಲೆ, "ಏನಂತ ಫೋಟೊ ತಗೀತಾರ ಇಲ್ಲೆ?" ಅಂದಳು.

ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಅವಳು ನನಗೇ ಪಾಠ ಹೇಳಿದ್ದಕ್ಕೆ ಸಿಟ್ಟು ಬಂತು. "ಅವೆಲ್ಲಾ ನನಗ ಗೊತ್ತಿಲ್ಲ. ಜೂನಿಗೆ ನೀ ಸಾಲಿಗೆ ಹೋಗಬೇಕು. ಯಲಬುರ್ಗಾಕ್ಕ ಬಾ, ನನ್ನ ಮನ್ಯಾಗ ಇರು, ನನ್ನ ಸಾಲ್ಯಾಗ ಓದು" ಅಂತ ಕೂಗಾಡಿದೆ. ಅವಳು ಹಟ ಮಾಡುತ್ತಾಳೆ ಅಂದುಕೊಂಡಿದ್ದೆ. ಮಾಡಲಿಲ್ಲ.

"ಸಾಲಿಗೆ ಹೋಗ್ತೀನಿ. ಯಲಬುರ್ಗಾಕ್ಕ ಬ್ಯಾಡ, ಗಂಗಾವತಿಗೆ ಹೋಗ್ತೀನಿ. ಅಪ್ಪ ಅವ್ವನೂ ಬರಲಿ, ಅಲ್ಲೆ ಕೆಲಸ ಸಿಗ್ತೈತಿ."

ನನಗೆ ಎಷ್ಟು ಸಂತೋಷವಾಯಿತು ಅಂದರೆ ಗಂಗಾವತಿಯೇ ಯಾಕೆ ಅಂತ ಕೇಳಲೂ ಇಲ್ಲ. ದೊಡ್ಡ ಪೇಟೆ, ಒಳ್ಳೆಯ ಶಾಲೆಗಳಿವೆ, ಹುಡುಗಿಗೆ ಬುದ್ಧಿ ಇದೆ ಅಂದುಕೊಂಡೆ. ವಾಪಸು ಬಸ್ಸಿನಲ್ಲಿ ಕೂತಾಗ ಅಷ್ಟು ದೂರ ಹೋಗಿಬಂದದ್ದು ಸಾರ್ಥಕವಾಯಿತು ಅನ್ನಿಸಿತು. ಫೋಟೊದ ಹುಡುಗಿಗೆ ಮನಸ್ಸಿನಲ್ಲೇ ಕೈಮುಗಿದೆ. ಆಸೆ ಮನುಷ್ಯರನ್ನು ಎಷ್ಟು ಬೇಗ ಪೆದ್ದರನ್ನಾಗಿ ಮಾಡುತ್ತದೆ ನೋಡಿ.

ಜೂನ್ ತಿಂಗಳಲ್ಲಿ ಗಂಗಾವತಿಗೆ ಮನೆ ಸಾಗಿಸಿದರು. ಅಕ್ಕನ ಗಂಡನಿಗೆ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ ಸಿಕ್ಕಿತ್ತು, ಅವನು ಮುಂದಾಗಿ ಹೋಗಿ ಫೋನಿನಲ್ಲೇ ಒಂದು ಬಾಡಿಗೆ ಖೋಲಿ ಗೊತ್ತು ಮಾಡಿದ್ದ. ನಾನೂ ರಜೆ ಹಾಕಿ ಸಾಮಾನು ಇಳಿಸಲು ಹೋದೆ. ಒಂದೇ ಸಾಲಿನ ಮನೆಗಳು, ತುದಿಯದು ಮಾಲಕರದು. ಗಾಳಿಯಲ್ಲಿ ತೌಡಿನ ವಾಸನೆ. ಹುಡುಗಿಗೆ ಶಾಲೆಯಲ್ಲಿ ಮತ್ತೆ ಒಂಬತ್ತನೇ ತರಗತಿಗೇ ಹೆಸರು ಹಚ್ಚಿಸಿ ಬಂದಿದ್ದೆವು. ಹೊಸ ಸಮವಸ್ತ್ರ ತೊಟ್ಟುಕೊಂಡೇ ಅವಳು ಗಾಡಿಯಿಂದ ಪಾತ್ರೆ ಇಳಿಸುತ್ತಿದ್ದಳು. ಕೊಳೆಯಾಗುತ್ತದೆ ತೆಗಿ ಅಂದರೂ ತೆಗೆಯಲಿಲ್ಲ. ಅದನ್ನು ನೋಡಿ ನನ್ನ ಹೊಟ್ಟೆ ತಂಪಾಯಿತು.

ಮಾಲಕರ ಹೆಂಡತಿ ಹೊರಗೆ ಬಂದರು. ಮಾತಿನಲ್ಲಿ ಸ್ವಲ್ಪ ತೆಲುಗಿನ ಎಳೆ ಇರುವ, ನಗುಮುಖದ ಹೆಂಗಸು. "ಬರ್ರಿ ಅಮ್ಮಾ, ಬಿಸಿಲಾಗ ಬಂದೀರಿ. ಪಾಪ ಕೂಸು ಎಷ್ಟು ಕೆಲಸ ಮಾಡ್ತೈತಿ" ಅಂದರು. ಊರು ಯಾವುದು, ಮಕ್ಕಳೆಷ್ಟು ಎಲ್ಲ ವಿಚಾರಿಸಿದರು. ಆಮೇಲೆ, ಬಿಸಿಲಿನ ಬಗ್ಗೆ ಕೇಳಿದಷ್ಟೇ ಸಲೀಸಾಗಿ, "ಯಾವ ಮಂದಿ ಅಮ್ಮಾ ನೀವು? ನಮ್ಮ ಯಜಮಾನ್ರು ಫೋನಿನ್ಯಾಗ ಕೇಳೇ ಇಲ್ಲ" ಅಂದರು.

ಅಕ್ಕನ ಕೈ ಗಾಡಿಯ ಹಗ್ಗದ ಮೇಲೇ ನಿಂತಿತು. ನಾನು ಬಾಯಿ ತೆರೆದೆ. ಯಾವ ಊರಿನಲ್ಲಾದರೂ ನಾನು ನನ್ನ ಜಾತಿಯನ್ನು ಗಟ್ಟಿಯಾಗಿ ಹೇಳುವವಳು. ಹೇಳಿ, ಮನೆ ಸಿಗದೆ, ಇನ್ನೊಂದು ಓಣಿಗೆ ಹೋಗಿ ಮತ್ತೆ ಗಟ್ಟಿಯಾಗಿ ಹೇಳುವವಳು. ಆದರೆ ನನಗಿಂತ ಮೊದಲು ಹುಡುಗಿ ಮಾತಾಡಿದಳು. ಕೊಡ ಸೊಂಟಕ್ಕೆ ಇಟ್ಟುಕೊಂಡು, ನಗುತ್ತ, ಒಂದು ಜಾತಿಯ ಹೆಸರು ಹೇಳಿದಳು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮೂರಿನಲ್ಲಿ ನಮ್ಮನ್ನು ಹೊಸ್ತಿಲಿನಾಚೆ ನಿಲ್ಲಿಸುತ್ತಿದ್ದವರ ಹೆಸರು ಅದು.

"ಹಂಗಾದ್ರ ನಮ್ಮವರ ಅನ್ನು!" ಅಂತ ಆ ಹೆಂಗಸು ಖುಷಿಯಾಗಿ ಅವಳ ಗಲ್ಲ ಹಿಡಿದು ಮುದ್ದಿಸಿದರು.

ಗಂಗಾವತಿ ಯಾಕೆ ಬೇಕಾಗಿತ್ತು ಅಂತ ನನಗೆ ಆಗ ತಿಳಿಯಿತು. ಯಲಬುರ್ಗಾದಲ್ಲಿ ನಾನು ಯಾರು ಅಂತ ನಾಯಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ.

ಸಾಮಾನು ಒಳಗೆ ಬಂದ ಮೇಲೆ ಅಕ್ಕ ಟ್ರಂಕಿನಿಂದ ನೀಲಿ ಕೋಟು ತೊಟ್ಟು ಪುಸ್ತಕ ಹಿಡಿದವರ ಫೋಟೊ ತೆಗೆದು, ಗೋಡೆಯಲ್ಲಿ ಮೊಳೆ ಹುಡುಕಿದಳು. ನಮ್ಮ ಯಾವ ಮನೆಯಲ್ಲೂ ದೇವರಿಗಿಂತ ಮೊದಲು ಗೋಡೆ ಹತ್ತುವುದು ಆ ಫೋಟೊ. ಹುಡುಗಿ ಅದನ್ನು ಅವಳ ಕೈಯಿಂದ ಮೆತ್ತಗೆ ತೆಗೆದುಕೊಂಡಳು. ಅಂಗೈಯಿಂದ ಧೂಳು ಒರೆಸಿ, ಹಳೆ ಸೀರೆಯಲ್ಲಿ ಸುತ್ತಿ, ತಿರುಗಿ ಟ್ರಂಕಿನ ತಳಕ್ಕೆ ಇಟ್ಟಳು. ಅವಳಿಗೆ ಬೇಜಾರಿತ್ತೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಅಪ್ಪಿಕೊಳ್ಳುತ್ತಿದ್ದೆ, ಬೈಯುತ್ತಿದ್ದೆ, ಏನಾದರೂ ಮಾಡುತ್ತಿದ್ದೆ.

ಆಮೇಲೆ ಬಾಗಿಲು ಮುಂದೆ ಮಾಡಿ, ತನ್ನ ಅವ್ವನನ್ನೂ ನನ್ನನ್ನೂ ಚಾಪೆಯ ಮೇಲೆ ಕೂರಿಸಿಕೊಂಡಳು. ಊರಿನ ಹೆಸರು ಕೇಳಿದರೆ ಏನನ್ನಬೇಕು, ಮನೆದೇವರು ಯಾರು ಅಂದರೆ ಏನನ್ನಬೇಕು, ಯಾವ ಹಬ್ಬಕ್ಕೆ ಏನು ಮಾಡುತ್ತೇವೆ ಅನ್ನಬೇಕು, ಎಲ್ಲವನ್ನೂ ಯೋಚಿಸಿ ಇಟ್ಟುಕೊಂಡಿದ್ದಳು. ಬೀಜದ ಹೊಲದಲ್ಲಿ ಬಾಗಿ ನಿಂತ ಅಷ್ಟು ತಿಂಗಳೂ ಇದನ್ನೇ ಯೋಚಿಸಿರಬೇಕು. ಅಕ್ಕ ಎರಡು ಸಲ ತಪ್ಪಿದ್ದಕ್ಕೆ ಸಿಟ್ಟು ಮಾಡದೆ ತಿದ್ದಿದಳು. ಬಹಳ ಒಳ್ಳೆಯ ಟೀಚರ್ ಆಗುತ್ತಿದ್ದಳು.

"ಈಗ ನೀ ಹೇಳು ಚಿಗವ್ವಾ. ನೀವು ಯಾವ ಮಂದಿರಿ?"

"ನನ್ನ ಕೈಲೆ ಆಗಂಗಿಲ್ಲವಾ" ಅಂದೆ.

"ನೀ ಇಲ್ಲಿಗೆ ಬರ್ತೀ ಹೋಗ್ತೀ. ನಿನ್ನ ಬಾಯಾಗ ತಪ್ಪಿ ಬಂತಂದ್ರ ನನ್ನ ಸಾಲಿ ಮತ್ತ ಹೋಗ್ತೈತಿ." ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಸಾಲಿಗೆ ಹೋಗು ಅಂದಾಕಿ ನೀನ ಅಲ್ಲೇನು?"

ಹೇಳಿದೆ. ಚಾಪೆ ನೋಡುತ್ತ ಹೇಳಿದೆ.

"ಇನ್ನೊಮ್ಮೆ. ನನ್ನ ಮಾರಿ ನೋಡಿ ಹೇಳು."

ಅವಳ ಮುಖ ನೋಡಿ ಇನ್ನೊಮ್ಮೆ ಹೇಳಿದೆ. "ಛಲೋ ಬಂತು" ಅಂದಳು.